ಮಗುವಿನ ಬೊಜ್ಜಿಗೆ ಮದ್ದು ಬರೆಯುವ ಮುಂಚೆ

ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು 2025ರಲ್ಲಿ ಒಂದರ ಹಿಂದೊಂದು ನಮ್ಮ ಮಾರುಕಟ್ಟೆಗೆ ಬಂದ ಮೇಲೆ ಉಡುಪಿಯ ನನ್ನ ಒಪಿಡಿಯಲ್ಲಿ ಮಾತಿನ ವರಸೆಯೇ ಬದಲಾಗಿದೆ. ಮೊದಲು "ಏನೇನು ಕೊಡಬಾರದು ಡಾಕ್ಟ್ರೆ?" ಎಂದು ಕೇಳುತ್ತಿದ್ದ ಅಪ್ಪ ಅಮ್ಮಂದಿರು ಈಗ "ನಮ್ಮ ಭಾವನಿಗೆ ಆ ಇಂಜೆಕ್ಷನ್‌ನಲ್ಲಿ ಒಳ್ಳೆ ಇಳಿದಿದೆ, ಇವನಿಗೂ ಕೊಡಬಹುದಲ್ಲ?" ಎನ್ನುತ್ತಾರೆ. ಮಕ್ಕಳ ಹಾರ್ಮೋನ್ ತೊಂದರೆ ನೋಡುವವಳು ನಾನು. ಒಂದೇ ತೂಕದ ಇಬ್ಬರು ಮಕ್ಕಳಲ್ಲಿ ಒಬ್ಬರಿಗೆ ಹಿಡಿಯುವ ಮದ್ದು ಇನ್ನೊಬ್ಬರಿಗೆ ಹಿಡಿಯದೇ ಹೋಗಬಹುದು. ಅದಕ್ಕೆ ಕಾರಣ ಕೆಲವರಲ್ಲಿ ಹುಟ್ಟಿನಿಂದಲೇ ಬಂದ ಜೀನ್‌ನಲ್ಲಿರುತ್ತದೆ.

ಹಾಗಾಗಿ ಮೊದಲ ಸಲ ಬಂದಾಗ ಚೀಟಿ ಬರೆಯುವುದಿಲ್ಲ. ತಾಯಿ ಕಾರ್ಡ್ ತನ್ನಿ ಎನ್ನುತ್ತೇನೆ. ಹುಟ್ಟಿದಾಗಿನ ತೂಕ, ಲಸಿಕೆಗೆ ಹೋದಾಗಿನ ತೂಕ ಅದರಲ್ಲಿರುತ್ತದೆ. ಅಂಗನವಾಡಿ ಟೀಚರ್ ಬರೆದಿಟ್ಟದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಎಲ್ಲವನ್ನೂ ಗ್ರೋತ್ ಚಾರ್ಟಿನಲ್ಲಿ ಗುರುತು ಮಾಡಿದರೆ ಏರಿಕೆ ಯಾವಾಗ ಶುರುವಾಯಿತು ಎಂಬುದು ಕಣ್ಣಿಗೆ ಕಾಣುತ್ತದೆ. ಎಂಟೊಂಬತ್ತರ ವಯಸ್ಸಿನಲ್ಲಿ, ಸಂಜೆಯ ಗೋಳಿಬಜೆ, ಬನ್ಸ್, ಕೈಯಲ್ಲಿ ಮೊಬೈಲ್ ಎಂದು ಏರಿದ್ದರೆ ಅದು ಒಂದು ದಾರಿ. ಆರು ತಿಂಗಳಿಗೇ ಗೆರೆ ನೆಟ್ಟಗೆ ಮೇಲೆ ಹೋಗಿದ್ದರೆ ಬೇರೆಯೇ. ಐದು ವರ್ಷದೊಳಗೆ ವಿಪರೀತ ಬೊಜ್ಜು, ಜೊತೆಗೆ ತಣಿಯದ ಹಸಿವು ಇರುವ ಮಕ್ಕಳಿಗೆ ಜೀನ್ ಪರೀಕ್ಷೆ ಬೇಕು ಎನ್ನುತ್ತದೆ ಹಾರ್ಮೋನ್ ತಜ್ಞರ ಸಂಘವಾದ ಎಂಡೋಕ್ರೈನ್ ಸೊಸೈಟಿಯ 2017ರ ಮಾರ್ಗಸೂಚಿ. ನಾನೂ ಅದನ್ನೇ ಅನುಸರಿಸುತ್ತೇನೆ. ಕೈಕಾಲಿನಲ್ಲಿ ಆರನೇ ಬೆರಳು ಇದೆಯೇ, ಇದ್ದು ತೆಗೆಸಿದ್ದಾರೆಯೇ, ಕತ್ತಲಲ್ಲಿ ಕಣ್ಣು ಕಾಣುತ್ತದೆಯೇ ಎಂದೂ ಕೇಳುತ್ತೇನೆ. ಜೀನ್ ದೋಷದಿಂದ ಬೊಜ್ಜಿನ ಜೊತೆಗೆ ಇವೂ ಬರುವ ಬಾರ್ಡೆಟ್-ಬೀಡ್ಲ್ ಸಿಂಡ್ರೋಮ್ ಇರುವ ಮಕ್ಕಳು ಹಾಗೆ ಸಿಗುತ್ತಾರೆ.

ಆಮೇಲೆ ಕೇಳುವುದು ಸಂಬಂಧದೊಳಗಿನ ಮದುವೆಯ ವಿಷಯ. ಸೋದರಮಾವನ ಮಗಳನ್ನು ತರುವುದು ನಮ್ಮ ಕಡೆ ಹೊಸತಲ್ಲ. ತಪ್ಪು ಹುಡುಕಲು ಕೇಳುವುದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಒಂದೇ ಕುಟುಂಬದ ಅಡಗಿದ ದೋಷ ಎರಡೂ ಕಡೆಯಿಂದ ಮಗುವಿಗೆ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳಿವೆ, ಅದಕ್ಕೆ ಕೇಳುವುದು.

ಬೈಂದೂರು ಕಡೆಯ ನಾಲ್ಕು ವರ್ಷದ ಹುಡುಗನೊಬ್ಬನನ್ನು ಹೇಳಬೇಕು. ನಾನು ಕಾರ್ಡ್ ನೋಡುತ್ತಿದ್ದ ಹಾಗೆಯೇ ಅಜ್ಜಿಯ ಚೀಲದೊಳಗೆ ಕೈ ಹಾಕಿ ಬಿಸ್ಕೆಟ್ ಪ್ಯಾಕೆಟ್ ಹಲ್ಲಿನಿಂದ ಹರಿದ. ಅಮ್ಮ ಕಿತ್ತುಕೊಂಡಾಗ ನೆಲಕ್ಕೆ ಬಿದ್ದು ಅತ್ತ ಅಳು ಹಠದ್ದಲ್ಲ, ನಿಜವಾದ ಹಸಿವಿನದು. "ಇವಳೇ ತಿನ್ನಿಸಿ ತಿನ್ನಿಸಿ ಹೀಗೆ ಮಾಡಿದ್ದು," ಎಂದರು ಅಜ್ಜಿ. ಅಮ್ಮ ತಲೆ ಎತ್ತಲಿಲ್ಲ.

ಕೊಬ್ಬಿನ ಕೋಶಗಳು ಲೆಪ್ಟಿನ್ ಎಂಬ ಹಾರ್ಮೋನ್ ಬಿಡುತ್ತವೆ. ಅದು ಮೆದುಳಿನ ಹೈಪೊಥಲಾಮಸ್‌ನಲ್ಲಿರುವ ತನ್ನ ಗ್ರಾಹಕಕ್ಕೆ, ಅಂದರೆ ಅದರ ಸೂಚನೆ ಹಿಡಿಯುವ ರಿಸೆಪ್ಟರ್‌ಗೆ, ತಾಗುತ್ತದೆ. ಅಲ್ಲಿಂದ ಸೂಚನೆ ಪಿಒಎಂಸಿ ಎಂಬ ಪ್ರೋಟೀನ್‌ಗೆ, ಕೊನೆಗೆ ಎಂಸಿ4ಆರ್ ಎಂಬ ಗ್ರಾಹಕ. ಆಗ "ಸಾಕು" ಎಂಬ ಸೂಚನೆ. ಈ ಸಾಲಿನಲ್ಲಿ ಎಲ್ಲಿ ಕಡಿದರೂ ಟ್ಯಾಂಕ್ ತುಂಬಿ ಸುರಿದರೂ ಪಂಪು ನಿಲ್ಲದ ಹಾಗೆ ಮಗು ತಿನ್ನುತ್ತಲೇ ಇರುತ್ತದೆ. ನೋಡಲು ಎಲ್ಲ ಮಕ್ಕಳೂ ಒಂದೇ ಥರ, ಆದರೆ ಕಡಿದ ಜಾಗ ಬೇರೆಯಾದರೆ ಮದ್ದೂ ಬೇರೆ.

ಲೆಪ್ಟಿನ್ ಹುಟ್ಟುವುದೇ ಇಲ್ಲದ ಮಕ್ಕಳಿಗೆ ಲೆಪ್ಟಿನ್ ಚುಚ್ಚಿದರೆ ಹಸಿವು ಶಾಂತವಾಗುತ್ತದೆ. ಕೇಂಬ್ರಿಜ್‌ನ ಸದಾಫ್ ಫಾರೂಕಿ, ಸ್ಟೀಫನ್ ಒ'ರಾಹಿಲಿ ತಂಡ 1999ರಲ್ಲಿ ವರದಿ ಮಾಡಿದ ಒಂಬತ್ತು ವರ್ಷದ ಹುಡುಗಿ 94 ಕೆ.ಜಿ. ಇದ್ದವಳು, ಒಂದು ವರ್ಷದ ಚಿಕಿತ್ಸೆಯಲ್ಲಿ 16 ಕೆ.ಜಿ.ಗೂ ಹೆಚ್ಚು ಇಳಿದಳು. ನಮ್ಮ ಹುಡುಗನ ರಕ್ತದಲ್ಲಿ ಲೆಪ್ಟಿನ್ ಬೇಕಾದಷ್ಟಿತ್ತು. ಜೀನ್ ರಿಪೋರ್ಟ್ ಬಂದಾಗ ದೋಷ ಇದ್ದದ್ದು ಗ್ರಾಹಕದಲ್ಲಿ, ಅಪ್ಪ ಅಮ್ಮ ಇಬ್ಬರಿಂದಲೂ ಬಂದದ್ದು. ಇವನಿಗೆ ಲೆಪ್ಟಿನ್ ಎಷ್ಟು ಕೊಟ್ಟರೂ ವ್ಯರ್ಥ. ಇಂಥವರಿಗಾಗಿ ಇರುವುದು ಸೆಟ್‌ಮೆಲನೊಟೈಡ್: ಕಡಿದ ಜಾಗವನ್ನು ದಾಟಿ ನೇರವಾಗಿ ಎಂಸಿ4ಆರ್ ಮೇಲೆ ಕೆಲಸ ಮಾಡುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಆರು ವರ್ಷ ದಾಟಿದವರಿಗೂ 2024ರ ಕೊನೆಗೆ ಎರಡು ವರ್ಷದಿಂದ ಮೇಲಿನವರಿಗೂ ಒಪ್ಪಿಗೆ ಕೊಟ್ಟಿದೆ. ಇದರಲ್ಲೂ ಜೀನ್ ನೋಡಿ ಫಲ. ಈ ಮದ್ದಿನ ಪ್ರಯೋಗದಲ್ಲಿ ಪಿಒಎಂಸಿ ದೋಷದ ಹತ್ತು ಮಂದಿಯಲ್ಲಿ ಎಂಟು ಜನರ ತೂಕ ವರ್ಷದೊಳಗೆ ಶೇ. 10ರಷ್ಟಾದರೂ ಇಳಿಯಿತು, ಲೆಪ್ಟಿನ್ ಗ್ರಾಹಕದ ದೋಷದ ಹನ್ನೊಂದು ಮಂದಿಯಲ್ಲಿ ಐವರದ್ದು.

ಅದು ನಮ್ಮ ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುವ ಮದ್ದಲ್ಲ, ಬೆಲೆಯೂ ಮಧ್ಯಮ ವರ್ಗದ ಕೈಗೆ ಎಟುಕುವಂಥದ್ದಲ್ಲ. ಇದು ನನ್ನನ್ನು ತುಂಬಾ ಕಾಡುತ್ತದೆ. ಆದರೂ ರಿಪೋರ್ಟ್ ಹಿಡಿದು ಅಜ್ಜಿಯನ್ನು ಕೂರಿಸಿ, "ನಿಮ್ಮ ಸೊಸೆಯದ್ದೇನೂ ತಪ್ಪಿಲ್ಲ ಅಮ್ಮಾ," ಎಂದು ಬಿಡಿಸಿ ಹೇಳಿದ್ದು ಆ ಮನೆಗೆ ಸಿಕ್ಕ ಮೊದಲ ಚಿಕಿತ್ಸೆ. ಅಡುಗೆಮನೆ ಕಪಾಟಿಗೆ ಬೀಗ ಬಿತ್ತು, ಮನೆಮಂದಿಯೆಲ್ಲ ಒಂದೇ ಹೊತ್ತಿಗೆ ಒಂದೇ ಊಟ ಮಾಡತೊಡಗಿದರು. ಮುಂದಿನ ಮಗುವಿಗೂ ನಾಲ್ಕರಲ್ಲೊಂದು ಪಾಲು ಸಾಧ್ಯತೆ ಇದೆ ಎಂಬುದು ಅವರಿಗೆ ಈಗ ಗೊತ್ತಿದೆ.

ಮೂಲ್ಕಿಯ ಹದಿನಾಲ್ಕರ ಹುಡುಗಿಯ ಕಥೆ ಬೇರೆ. ದೋಷ ಇದ್ದದ್ದು ಎಂಸಿ4ಆರ್‌ನಲ್ಲೇ, ಅಪ್ಪನಿಂದೊಂದು ಅಮ್ಮನಿಂದೊಂದು ಬರುವ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ. ಇದು ಒಂದೇ ಜೀನ್‌ನಿಂದ ಬರುವ ಬೊಜ್ಜಿನಲ್ಲಿ ಎಲ್ಲಕ್ಕಿಂತ ಸಾಮಾನ್ಯ. ಅಪ್ಪನಿಗೂ ಇತ್ತು. ಆ ಗ್ರಾಹಕವನ್ನೇ ನಂಬಿದ ಮದ್ದಿನಿಂದ ಹೆಚ್ಚು ನಿರೀಕ್ಷಿಸುವ ಹಾಗಿಲ್ಲ. ಆದರೆ ಲಿರಾಗ್ಲುಟೈಡ್ ಎಂಬ ತೂಕ ಇಳಿಸುವ ಚುಚ್ಚುಮದ್ದು ಬೇರೆ ದಾರಿಯಲ್ಲಿ ಹಸಿವು ತಗ್ಗಿಸುತ್ತದೆ. ಎಂಸಿ4ಆರ್ ದೋಷ ಇರುವ ದೊಡ್ಡವರಲ್ಲೂ ಇಲ್ಲದವರಲ್ಲೂ ಅದರಿಂದ ತೂಕ ಒಂದೇ ಪ್ರಮಾಣದಲ್ಲಿ ಇಳಿದದ್ದನ್ನು 2018ರ ಡೆನ್ಮಾರ್ಕ್ ಅಧ್ಯಯನ ತೋರಿಸಿದೆ. ಮನೆಯವರೊಂದಿಗೆ ಕೂತು ಮಾತಾಡಿ, ಒಪ್ಪಿಗೆ ಬರೆಸಿಕೊಂಡು ಸಣ್ಣ ಡೋಸಿನಿಂದ ಶುರು ಮಾಡಿದೆ. ವಾಕರಿಕೆ ಬಂತು, ಕಡಿಮೆಯಾಯಿತು. "ಊಟ ಆದ ಮೇಲೆ ಊಟದ ಯೋಚನೆ ಬರುವುದಿಲ್ಲ ಮ್ಯಾಮ್," ಎಂದಳು. ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಲೆಕ್ಕ) ನಿಧಾನಕ್ಕೆ ಇಳಿಯುತ್ತಿದೆ.

ಉಳಿದ ಹೆಚ್ಚಿನ ಮಕ್ಕಳಲ್ಲಿ ಒಂದೇ ಜೀನ್ ಅಪರಾಧಿಯಲ್ಲ. ಸಣ್ಣ ಸಣ್ಣ ಪ್ರಭಾವದ ನೂರಾರು ಜೀನ್‌ಗಳು ಸೇರಿರುತ್ತವೆ. ಆನ್‌ಲೈನಿನಲ್ಲಿ ಎಂಜಲು ಕಳಿಸಿ ತರಿಸಿದ "ಫ್ಯಾಟ್ ಜೀನ್" ರಿಪೋರ್ಟ್ ಹಿಡಿದು ಬರುವವರಿದ್ದಾರೆ. ಅದರಲ್ಲಿ ಇರುವುದು ಹೆಚ್ಚಾಗಿ ಎಫ್‌ಟಿಒ ಎಂಬ ಜೀನ್‌ನ ತೂಕ ಏರಿಸುವ ರೂಪ. ಎರಡೂ ಪ್ರತಿಯಲ್ಲಿ ಆ ರೂಪ ಇದ್ದವರ ತೂಕ ಸರಾಸರಿ ಮೂರು ಕೆ.ಜಿ. ಹೆಚ್ಚು, ನಿಜ. ಆದರೆ ದೊಡ್ಡವರ ಅಧ್ಯಯನಗಳನ್ನೆಲ್ಲ ಒಟ್ಟು ಮಾಡಿ ನೋಡಿದಾಗ ಪಥ್ಯ, ವ್ಯಾಯಾಮ, ಮದ್ದಿಗೆ ತೂಕ ಇಳಿಯುವುದರಲ್ಲಿ ಎಫ್‌ಟಿಒದಿಂದ ವ್ಯತ್ಯಾಸ ಕಾಣಲಿಲ್ಲ. ಆ ಪರೀಕ್ಷೆಗೆ ದುಡ್ಡು ಹಾಕಬೇಡಿ.

ಸಕ್ಕರೆ ಕಾಯಿಲೆಯ ಮದ್ದಾದ ಮೆಟ್‌ಫಾರ್ಮಿನ್ ವಿಷಯದಲ್ಲೂ ನಾನು ಜೀನ್ ನೋಡುವುದಿಲ್ಲ. ಅದನ್ನು ಕೋಶದೊಳಗೆ ಸಾಗಿಸುವ ಒಸಿಟಿ1 ಎಂಬ ಪ್ರೋಟೀನ್ ಜೀನ್ ದೆಸೆಯಿಂದ ಕೆಲವರಲ್ಲಿ ದುರ್ಬಲ, ಅಂಥವರಿಗೆ ಹೊಟ್ಟೆ ಕೆಡುವುದು ಹೆಚ್ಚು. ಊಟದೊಂದಿಗೆ 500 ಮಿ.ಗ್ರಾಂ.ನಿಂದ ಶುರು ಮಾಡಿದರೆ ಒಗ್ಗುತ್ತದೋ ಇಲ್ಲವೋ ತಿಳಿಯುತ್ತದೆ.

ಯಾವುದೇ ಮದ್ದು ಶುರು ಮಾಡುವ ದಿನವೇ ನಿಲ್ಲಿಸುವ ಮಾತನ್ನೂ ಫೈಲಿನಲ್ಲಿ ಬರೆಯುತ್ತೇನೆ. ಲಿರಾಗ್ಲುಟೈಡ್ ಪೂರ್ಣ ಡೋಸ್ ತಲುಪಿ 12 ವಾರ ಕಳೆದರೂ ಬಿಎಂಐ ಶೇ. 1ರಷ್ಟೂ ಇಳಿಯದಿದ್ದರೆ ಬಿಡಬೇಕು ಎಂದು ಅಮೆರಿಕದ ಮಕ್ಕಳ ಸೂಚನೆಯಲ್ಲಿದೆ. ಹಾಗೆ ಇಳಿಯದ ಮಗುವನ್ನು ಬೈಯಬೇಡಿ, ಮರಳಿ ನನ್ನ ಹತ್ತಿರ ಕರೆತನ್ನಿ, ತಾಯಿ ಕಾರ್ಡ್ ಸಮೇತ.