ಅಮೆರಿಕದಲ್ಲಿ ಡಯಟಿಶಿಯನ್ ಆಗಲು: ಇಂಟರ್ನ್‌ಶಿಪ್ ಅರ್ಜಿಗೆ ಮೊದಲು ಕೈಯಲ್ಲಿರಬೇಕಾದ ಕಾಗದಗಳು

ಶಿರಸಿ, ಕುಮಟಾ, ಕಾರವಾರದ ಕಡೆಯಿಂದ ಓದಲೆಂದೋ ಮದುವೆಯಾಗಿಯೋ ಅಮೆರಿಕಕ್ಕೆ ಬಂದ ಆಹಾರ ವಿಜ್ಞಾನದ ಪದವೀಧರೆಯರು ಮೊದಲು ಕೇಳುವುದು ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕುವುದು ಹೇಗೆ ಎಂದು. ಅರ್ಜಿ ತುಂಬುವುದು ಕೊನೆಯ ಕೆಲಸ. ಅದಕ್ಕೂ ಮೊದಲು ದೊರಕಿಸಿಕೊಳ್ಳಬೇಕಾದ ಪತ್ರಗಳ ಮೂಲ ಊರಿನ ಕಡೆಯ ವಿಶ್ವವಿದ್ಯಾಲಯದಲ್ಲಿರುತ್ತದೆ.

ಭಾರತದ ಆರ್.ಡಿ. (ನೋಂದಾಯಿತ ಡಯಟಿಶಿಯನ್) ಅರ್ಹತೆ ಇಲ್ಲಿ ನೇರವಾಗಿ ಸಲ್ಲುವುದಿಲ್ಲ. ಇಲ್ಲಿನ ನೋಂದಣಿ ಪರೀಕ್ಷೆಗೆ ಕೂರಬೇಕಾದರೆ ಡಯಟಿಶಿಯನ್ ಶಿಕ್ಷಣಕ್ಕೆ ಮಾನ್ಯತೆ ಕೊಡುವ ಎಸೆಂಡ್ (ACEND) ಎಂಬ ಮಂಡಳಿಯ ಮಾನ್ಯತೆ ಪಡೆದ ಪಾಠಕ್ರಮ, ಮೇಲ್ವಿಚಾರಕರ ಕೈಕೆಳಗೆ ಕನಿಷ್ಠ 1,000 ಗಂಟೆಗಳ ಅಭ್ಯಾಸ (ಇಂಟರ್ನ್‌ಶಿಪ್ ಎಂದರೆ ಇದೇ) ಮತ್ತು ಸ್ನಾತಕೋತ್ತರ ಪದವಿ, ಈ ಮೂರೂ ಇರಬೇಕು. ಪದವಿಯ ಷರತ್ತು 2024ರ ಜನವರಿ 1ರಿಂದ ಜಾರಿಯಲ್ಲಿದೆ.

ಮೊದಲ ಹೆಜ್ಜೆ, ಮಂಡಳಿ ಒಪ್ಪಿದ ಸಂಸ್ಥೆಯೊಂದರಿಂದ ನಿಮ್ಮ ಪದವಿ ಇಲ್ಲಿನ ಯಾವ ಪದವಿಗೆ ಸಮ ಎಂದು ಹೇಳುವ ತುಲನಾ ವರದಿ ಪಡೆಯುವುದು. ಇದಕ್ಕೆ ಅಂಕಪಟ್ಟಿಯ ನಕಲು ಸಾಕಾಗದೆ, ವಿಶ್ವವಿದ್ಯಾಲಯವೇ ಮೊಹರು ಮಾಡಿದ ಟ್ರಾನ್ಸ್‌ಕ್ರಿಪ್ಟ್ ಕೇಳುವುದುಂಟು. ನಮ್ಮ ಜಿಲ್ಲೆಯ ಬಹುತೇಕರು ಕರ್ನಾಟಕ ವಿಶ್ವವಿದ್ಯಾಲಯದವರು ಅಥವಾ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿದವರು. ವಿಮಾನ ಹತ್ತುವ ಮೊದಲೇ ಧಾರವಾಡಕ್ಕೆ ಹೋಗಿ ಮೊಹರಿನ ಲಕೋಟೆಗಳನ್ನೂ, ನೀವು ಓದಿದ ವರ್ಷಗಳ ಪಠ್ಯಕ್ರಮದ ದೃಢೀಕೃತ ಪ್ರತಿಯನ್ನೂ ತಂದಿಟ್ಟುಕೊಳ್ಳಿ. ಇಲ್ಲಿಗೆ ಬಂದ ಮೇಲೆ ಅಪ್ಪನನ್ನೋ ತಮ್ಮನನ್ನೋ ಘಟ್ಟ ಹತ್ತಿಸಿ ಕಚೇರಿಗೆ ಅಲೆಸುವುದು ಎಷ್ಟು ಕಷ್ಟವೆಂಬುದನ್ನು ನಾನು ಅನುಭವಿಸಿದ್ದೇನೆ.

ಪಠ್ಯಕ್ರಮದ ಪ್ರತಿ ಮುಂದೆಯೂ ಬೇಕಾಗುತ್ತದೆ. ಎಸೆಂಡ್ ಮಾನ್ಯತೆಯ ಡಿ.ಪಿ.ಡಿ. ಎಂಬ ಪಾಠಕ್ರಮ ನಡೆಸುವ ಕಾಲೇಜಿನ ನಿರ್ದೇಶಕರು ಅದನ್ನು ನೋಡಿ, ಯಾವ ವಿಷಯಗಳನ್ನು ಮತ್ತೆ ಓದಬೇಕೆಂದು ತೀರ್ಮಾನಿಸುತ್ತಾರೆ. ಅವನ್ನು ಮುಗಿಸಿದ ಮೇಲೆ ಅವರು ಕೊಡುವ ವೆರಿಫಿಕೇಶನ್ ಸ್ಟೇಟ್‌ಮೆಂಟ್ ಎಂಬ ದೃಢೀಕರಣ ಪತ್ರವೇ ಪಾಠಕ್ರಮದಿಂದ ಪ್ರತ್ಯೇಕವಾಗಿ ನಡೆಯುವ ಇಂಟರ್ನ್‌ಶಿಪ್‌ನ ಬಾಗಿಲು ತೆರೆಯುತ್ತದೆ. ಮೂರು ವರ್ಷದ ಬಿ.ಎಸ್ಸಿ. ಮಾತ್ರ ಇರುವವರು ಪಾಠ, ಅಭ್ಯಾಸ, ಸ್ನಾತಕೋತ್ತರ ಪದವಿ ಮೂರನ್ನೂ ಒಟ್ಟಿಗೆ ಕೊಡುವ ಮಾನ್ಯತೆ ಪಡೆದ ಕಾರ್ಯಕ್ರಮವನ್ನೇ ಮೊದಲು ವಿಚಾರಿಸುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಹೇಗಿದ್ದರೂ ಸ್ನಾತಕೋತ್ತರ ಪದವಿ ಬೇಕೇ ಬೇಕು.

ಅರ್ಜಿಯನ್ನು ಬಹುತೇಕ ಕಾರ್ಯಕ್ರಮಗಳು ಡೈಕಾಸ್ ಎಂಬ ಆನ್‌ಲೈನ್ ವ್ಯವಸ್ಥೆಯ ಮೂಲಕ ಪಡೆಯುತ್ತವೆ. ಟ್ರಾನ್ಸ್‌ಕ್ರಿಪ್ಟ್, ಶಿಫಾರಸು ಪತ್ರಗಳು, ಸ್ವವಿವರ, ಉದ್ದೇಶದ ಪತ್ರ ಎಲ್ಲವೂ ಅಲ್ಲಿಗೇ ಹೋಗುತ್ತವೆ. ಶಿಫಾರಸು ಬರೆಯುವ ಊರಿನ ಗುರುಗಳಿಗೆ ಇಮೇಲ್ ಕೊಂಡಿ ಬರುವುದರಿಂದ ಅವರಿಗೆ ಮುಂಚೆಯೇ ಫೋನ್ ಮಾಡಿ ತಿಳಿಸಿ.

ಉದ್ದೇಶದ ಪತ್ರಕ್ಕೆ ಹೆಚ್ಚು ಸಮಯ ಕೊಡಿ. ಚಿಕ್ಕಂದಿನಿಂದ ಪೋಷಣೆಯಲ್ಲಿ ಆಸಕ್ತಿ ಎಂಬ ಮಾತನ್ನು ಓದುವವರು ನೂರಾರು ಬಾರಿ ಓದಿರುತ್ತಾರೆ. ರಕ್ತದೊತ್ತಡವಿರುವ ಅಂಕೋಲಾದ ಅಜ್ಜಿಯೊಬ್ಬರು ಮಳೆಗಾಲದಲ್ಲಿ ಕುಚ್ಚಲಕ್ಕಿ ಗಂಜಿಯ ಜೊತೆ ಒಣ ಬಂಗಡೆಯನ್ನೂ ಮಿಡಿ ಉಪ್ಪಿನಕಾಯಿಯನ್ನೂ ಬಿಡಲಾರದಾಗ, ಗಂಜಿಯನ್ನು ಉಳಿಸಿಕೊಂಡು ಉಪ್ಪನ್ನಷ್ಟೇ ಇಳಿಸಲು ನೀವು ಏನು ಸೂಚಿಸುತ್ತೀರಿ? ಅದನ್ನು ಬರೆಯಿರಿ. ರೋಗಿಯ ತಟ್ಟೆಯನ್ನು ಗೌರವಿಸಿ ಸಲಹೆ ಕೊಡುವುದೇ ಈ ವೃತ್ತಿ. ಅದು ನಿಮಗೆ ಬರುತ್ತದೆಂಬುದಕ್ಕೆ ಅಂಥ ಒಂದು ಪ್ರಸಂಗ ಸಾಕ್ಷಿಯಾಗುತ್ತದೆ.

ಅಭ್ಯಾಸ ಆಸ್ಪತ್ರೆಯಲ್ಲಿ, ಸಮುದಾಯ ಕೇಂದ್ರದಲ್ಲಿ, ದೊಡ್ಡ ಅಡುಗೆಮನೆಗಳ ನಿರ್ವಹಣೆಯಲ್ಲಿ ನಡೆಯುತ್ತದೆ. ಸಾಮಾನ್ಯವಾಗಿ ಸಂಬಳವಿಲ್ಲ, ಶುಲ್ಕ ನೀವೇ ಕಟ್ಟಬೇಕು. ದೂರದಿಂದ ನಡೆಯುವ ಕಾರ್ಯಕ್ರಮಗಳಲ್ಲಿ ಕಲಿಸುವ ಮಾರ್ಗದರ್ಶಕರನ್ನು ಹಲವು ಸಲ ನೀವೇ ಹುಡುಕಬೇಕಾಗುತ್ತದೆ. ಈ ಜಾಗಗಳಿಗೆಲ್ಲ ಓಡಾಡಬೇಕಾದ್ದರಿಂದ ಕಾರು ಓಡಿಸಲು ಕಲಿತು ಲೈಸೆನ್ಸ್ ಪಡೆದಿರುವುದು ಅನೇಕ ಊರುಗಳಲ್ಲಿ ಅನಿವಾರ್ಯ. ಎಫ್-1 (ವಿದ್ಯಾರ್ಥಿ) ವೀಸಾದವರು ಅಭ್ಯಾಸಕ್ಕೆ ಮೊದಲೇ ವಿಶ್ವವಿದ್ಯಾಲಯದ ವಿದೇಶಿ ವಿದ್ಯಾರ್ಥಿ ಕಚೇರಿಯ ಒಪ್ಪಿಗೆಯನ್ನು ವಿಚಾರಿಸಿಕೊಳ್ಳಬೇಕು. ಎಚ್-4 (ಎಚ್-1ಬಿ ಕೆಲಸದ ವೀಸಾದವರ ಸಂಗಾತಿಯ) ವೀಸಾದವರು ಓದಬಹುದಾದರೂ, ಅಭ್ಯಾಸದ ಗಂಟೆಗಳ ಬಗ್ಗೆ ಕಾರ್ಯಕ್ರಮದವರಿಂದ ಲಿಖಿತ ಉತ್ತರ ಪಡೆದು, ವಲಸೆ ವಕೀಲರನ್ನೂ ಕೇಳಿ ಮುಂದುವರಿಯಬೇಕು.

ಪರೀಕ್ಷೆ ಪಾಸಾದ ಮೇಲೆ ಬಹಳಷ್ಟು ರಾಜ್ಯಗಳಲ್ಲಿ ಪ್ರತ್ಯೇಕ ಪರವಾನಗಿ ಬೇಕಾಗುತ್ತದೆ. ನೀವು ನೆಲೆಸುವ ರಾಜ್ಯದ ನಿಯಮವನ್ನು ಕಾರ್ಯಕ್ರಮ ಆರಿಸುವಾಗಲೇ ಓದಿಕೊಳ್ಳಿ.