ಬ್ರಾಂಟ್‌ವುಡ್ ಮನೆಯ ಚರಿತ್ರೆ ಬರೆದ ಬಗೆ

ಇಂಗ್ಲೆಂಡಿನ ಕೋನಿಸ್ಟನ್ ಸರೋವರದ ಪೂರ್ವ ದಂಡೆಯಲ್ಲಿರುವ ಬ್ರಾಂಟ್‌ವುಡ್ ಮನೆಯ ಚರಿತ್ರೆ ಬರೆಯಲು ತೊಡಗಿದಾಗ, ಅದರ ಹೆಸರಾಂತ ಒಡೆಯರಾಗಿದ್ದ ಕಲಾವಿಮರ್ಶಕ ಜಾನ್ ರಸ್ಕಿನ್ ಅವರನ್ನು ಸ್ವಲ್ಪ ಕಾಲ ಬದಿಗಿಟ್ಟು, ಕಟ್ಟಡದಿಂದಲೇ ಆರಂಭಿಸಿದೆ. ಅಷ್ಟು ಬರೆದವರ ಮನೆಯಲ್ಲಿ ಬರಹವೇ ಮನೆಯನ್ನು ಮರೆಮಾಡುವ ಅಪಾಯವಿರುತ್ತದೆ.

ಮೂಲ ಕಟ್ಟಡ 18ನೇ ಶತಮಾನದ ಕೊನೆಯದು, ಕೆಲವೇ ಕೋಣೆಗಳದ್ದು. ಹೊರಗೋಡೆಗಳಿಗೆ ಗಾರೆ ಬಳಿದಿರುವುದರಿಂದ ಹಳೆಯ ಕಲ್ಲುಕಟ್ಟಡಕ್ಕೂ ಮುಂದೆ ಸೇರಿಸಿದ್ದಕ್ಕೂ ನಡುವಣ ಸಂದು ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಛಾವಣಿಯ ಮಟ್ಟ ಎಲ್ಲಿ ಬದಲಾಗುತ್ತದೆ, ಕಿಟಕಿಯ ಆಕಾರ ಎಲ್ಲಿ ಬೇರೆಯಾಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಗುರುತಿಸುತ್ತ ಹೋದೆ. ಊಟದ ಕೋಣೆಯಲ್ಲಿ ಸಾಲಾಗಿ ನಿಂತ ಏಳು ಕಿರಿದಾದ ಚೂಪುಕಮಾನಿನ ಕಿಟಕಿಗಳೂ, ಮಲಗುವ ಕೋಣೆಯ ಮೂಲೆಯಿಂದ ಹೊರಚಾಚಿ ಸರೋವರವನ್ನೂ ಎದುರಿನ ಓಲ್ಡ್ ಮ್ಯಾನ್ ಬೆಟ್ಟವನ್ನೂ ನೋಡುವ ಗಾಜಿನ ಗೋಪುರವೂ ರಸ್ಕಿನ್ ಸೇರಿಸಿದವು. ಚೂಪುಕಮಾನುಗಳ ಮಧ್ಯಯುಗೀಯ ಗೋಥಿಕ್ ಶೈಲಿಯ ಅಷ್ಟು ದೊಡ್ಡ ಪ್ರತಿಪಾದಕರು ತಮ್ಮ ಮನೆಗೆ ಮಾತ್ರ ಹೀಗೆ ತುಂಡುತುಂಡಾಗಿ ಸೇರಿಸುತ್ತ ಹೋದದ್ದು ನನಗೆ ಇಂದಿಗೂ ಸೋಜಿಗ.

ಇಷ್ಟಾದ ಮೇಲೆ ಕಾಗದಪತ್ರಗಳಿಗೆ ತಿರುಗಿದೆ. ಈ ಪ್ರದೇಶ ಈಗ ಕಂಬ್ರಿಯಾಕ್ಕೆ ಸೇರಿದ್ದರೂ 1974ರವರೆಗೆ ಲ್ಯಾಂಕಶೈರ್‌ನಲ್ಲಿತ್ತು. ಹಳೆಯ ಭೂಪಟ, ಜನಗಣತಿಗಳನ್ನು ಆ ಹೆಸರಿನಡಿಯಲ್ಲೇ ಹುಡುಕಬೇಕು. ರಸ್ಕಿನ್ 1871ರಲ್ಲಿ, ಮನೆಯನ್ನು ನೋಡದೆಯೇ, 1,500 ಪೌಂಡ್ ಕೊಟ್ಟು ಕೊಂಡದ್ದನ್ನು ಎಲ್ಲರೂ ಹೇಳುತ್ತಾರೆ. ಅದನ್ನು ಅವರಿಗೆ ಮಾರಿದ, ಮುದ್ರಣಕ್ಕೆ ಮರದಚ್ಚು ಕೆತ್ತುತ್ತಿದ್ದ ಕಲಾವಿದ ವಿಲಿಯಂ ಜೇಮ್ಸ್ ಲಿಂಟನ್ ಇಲ್ಲಿಯೇ ಮುದ್ರಣಯಂತ್ರವಿಟ್ಟು ಗಣರಾಜ್ಯವಾದವನ್ನು ಪ್ರಚಾರ ಮಾಡಿದ್ದರೆಂಬುದು ಮಾತ್ರ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ನಾನು ಅವರಿಗೆ ಪ್ರತ್ಯೇಕ ಅಧ್ಯಾಯವನ್ನೇ ಕೊಟ್ಟೆ.

ಒಳಾಂಗಣದ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕಾಯಿತು. 1900ರಲ್ಲಿ ರಸ್ಕಿನ್ ತೀರಿಕೊಂಡ ಮೇಲೆ ಮನೆ ಅವರ ಸಂಬಂಧಿ ಜೋನ್ ಮತ್ತು ಆಕೆಯ ಪತಿ, ಚಿತ್ರಕಾರ ಆರ್ಥರ್ ಸೆವೆರ್ನ್ ದಂಪತಿಗಳ ಕೈಸೇರಿತು. ಅವರ ಕಾಲದ ನಂತರ ಸಾಮಾನುಗಳು ಹರಾಜಿನಲ್ಲಿ ಚೆದುರಿದವು. 1932ರಲ್ಲಿ ಮನೆಯನ್ನು ಕೊಂಡ ರಸ್ಕಿನ್ ಅಭಿಮಾನಿ ಜಾನ್ ಹೊವರ್ಡ್ ವೈಟ್‌ಹೌಸ್ ಅವುಗಳಲ್ಲಿ ಸಿಕ್ಕಷ್ಟನ್ನು ಮರಳಿ ಕೂಡಿಸಿ, 1934ರಲ್ಲಿ ಸಾರ್ವಜನಿಕರಿಗೆ ಬಾಗಿಲು ತೆರೆದರು. ಹೀಗಾಗಿ ಇಂದು ಒಂದು ಕೋಣೆಯಲ್ಲಿರುವ ಕುರ್ಚಿ ಅಂದೂ ಅಲ್ಲೇ ಇತ್ತೆಂದು ಹೇಳುವಂತಿಲ್ಲ. ಆರ್ಥರ್ ಸೆವೆರ್ನ್ ಬರೆದ ಮಲಗುವ ಕೋಣೆಯ ಜಲವರ್ಣಚಿತ್ರವನ್ನು ಎದುರಿಗಿಟ್ಟುಕೊಂಡು, ಚಿತ್ರದಲ್ಲಿ ಕಂಡದ್ದನ್ನು ಒಂದು ಪಟ್ಟಿಯಲ್ಲಿಯೂ ಈಗ ಕೋಣೆಯಲ್ಲಿರುವುದನ್ನು ಇನ್ನೊಂದರಲ್ಲಿಯೂ ಬರೆದು, ಎರಡರಲ್ಲೂ ಬಂದದ್ದನ್ನಷ್ಟೇ ರಸ್ಕಿನ್ ಕಾಲದ ವರ್ಣನೆಗೆ ಬಳಸಿದೆ.