ಕ್ಯಾನ್ಸಲ್ ಮಾಡುವ ಮುಂಚೆ ಬರೆದಿಟ್ಟುಕೊಳ್ಳಿ: ಹೋಲ್ ಮತ್ತು ಅಸಿಂಪ್ಟೋಟ್ ಇರುವ ಗ್ರಾಫ್

ಹಾಸನದ ನಮ್ಮನೆಗೆ ಸಂಜೆ ಲೆಕ್ಕ ಹೇಳಿಸಿಕೊಳ್ಳಲು ಬರುವ ಪಿಯುಸಿ ಮಕ್ಕಳು ಈ ಗ್ರಾಫ್‌ಗಳಲ್ಲಿ ಜಾಸ್ತಿ ಎಡವುವುದು ಒಂದೇ ಕಡೆ. ಮೇಲೆ ಕೆಳಗೆ ಒಂದೇ ಅಪವರ್ತನ ಕಂಡ ಕೂಡಲೇ ಕ್ಯಾನ್ಸಲ್ ಮಾಡುತ್ತಾರೆ, ಆಮೇಲೆ ಅದು ಅಲ್ಲಿ ಇತ್ತು ಅನ್ನುವುದನ್ನೇ ಮರೆತುಬಿಡುತ್ತಾರೆ. ಹೊಡೆಯುವ ಮುಂಚೆ ಅದನ್ನು ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ. ಹೋಲ್, ಅಂದರೆ ಗ್ರಾಫಿನ ತೂತು, ಸಿಗುವುದು ಅದರಿಂದಲೇ.

ಈ ಲೆಕ್ಕ ತಗೊಳ್ಳಿ:

ವೈ = (ಎಕ್ಸ್² − ಎಕ್ಸ್ − 6) / (ಎಕ್ಸ್² − 4ಎಕ್ಸ್ + 3)

ಬಿಡಿಸಿದರೆ ಮೇಲೆ (ಎಕ್ಸ್ − 3)(ಎಕ್ಸ್ + 2), ಕೆಳಗೆ (ಎಕ್ಸ್ − 3)(ಎಕ್ಸ್ − 1). ಎಕ್ಸ್ 3 ಆದರೂ 1 ಆದರೂ ಛೇದ ಸೊನ್ನೆ. ಎರಡೂ ಕಡೆ ವೈಗೆ ಬೆಲೆ ಇಲ್ಲ, ಆದರೆ ಗ್ರಾಫಿನಲ್ಲಿ ಎರಡೂ ಒಂದೇ ಥರ ಕಾಣುವುದಿಲ್ಲ.

(ಎಕ್ಸ್ − 3) ಪೂರ್ತಿ ಹೋಯಿತು, ಹಾಗಾಗಿ 3ರಲ್ಲಿ ತೂತು. ಅದರ ಎತ್ತರಕ್ಕೆ, ಉಳಿದ (ಎಕ್ಸ್ + 2)/(ಎಕ್ಸ್ − 1)ರಲ್ಲಿ 3 ಹಾಕಿ: 5/2, ಅಂದರೆ 2.5. (3, 2.5)ರಲ್ಲಿ ಸಣ್ಣದೊಂದು ಖಾಲಿ ಸೊನ್ನೆ ಮೊದಲೇ ಬರೆದುಬಿಡಿ, ಆಮೇಲೆ ಗೆರೆ ಎಳೆಯುವಾಗ ಪೆನ್ಸಿಲ್ ಸೊನ್ನೆಯ ಈ ಅಂಚಿಗೆ ಬಂದು ನಿಲ್ಲಲಿ, ಎತ್ತಿ, ಆಚೆ ಅಂಚಿನಿಂದ ಮತ್ತೆ ಹೊರಡಲಿ.

ಮೊನ್ನೆ ಮಳೆಗೆ ಕರೆಂಟ್ ಹೋಗಿದ್ದಾಗ ಒಬ್ಬ ಹುಡುಗಿ ಫೋನ್ ಬೆಳಕಲ್ಲೇ ಕೂತು, ಅದರಲ್ಲೇ ಇದೇ ಗ್ರಾಫ್ ತೆಗೆದು, "ಮಿಸ್, ಇಲ್ಲಿ ತೂತೇ ಇಲ್ವಲ್ಲ" ಅಂದಳು. ನಿಜ, ಗೆರೆ ಒಂದೇ ಸಮನೆ ಹೋಗಿತ್ತು. ಒಂದು ಬಿಂದುವಿಗೆ ಅಗಲವೇ ಇಲ್ಲ, ಪರದೆ ಅದನ್ನು ಹೇಗೆ ತೋರಿಸೀತು? ಎಕ್ಸ್‌ಗೆ 3 ಹಾಕಿ ನೋಡು ಅಂದೆ. ಮೇಲೂ ಸೊನ್ನೆ, ಕೆಳಗೂ ಸೊನ್ನೆ ಬಂತು. ತಾನೇ ಹಾಳೆಯ ಮೇಲೆ ಸೊನ್ನೆ ಸುತ್ತಿದಳು.

(ಎಕ್ಸ್ − 1) ಕೆಳಗೆ ಉಳಿದಿದೆ, ಅಲ್ವಾ? ಎಕ್ಸ್ = 1ರಲ್ಲಿ ಸ್ಕೇಲ್ ಇಟ್ಟು ಉದ್ದಕ್ಕೆ ಚುಕ್ಕಿ ಗೆರೆ ಎಳೆಯಿರಿ, ಅದೇ ವರ್ಟಿಕಲ್ ಅಸಿಂಪ್ಟೋಟ್, ಅಂದರೆ ಗ್ರಾಫ್ ಹತ್ತಿರ ಹತ್ತಿರ ಹೋಗುತ್ತಲೇ ಇದ್ದರೂ ಮುಟ್ಟದ ನೆಟ್ಟನೆಯ ಗೆರೆ. ಗ್ರಾಫ್ ಯಾವ ಕಡೆ ಓಡುತ್ತದೆ ಅಂತ ಸುಮ್ನೆ ಊಹಿಸಬೇಡಿ, ಅಕ್ಕಪಕ್ಕದ ಬೆಲೆ ಹಾಕಿ. 1.1ಕ್ಕೆ 31, 0.9ಕ್ಕೆ −29. ಅಂದರೆ ಬಲಗಡೆ ಮೇಲಕ್ಕೆ, ಎಡಗಡೆ ಕೆಳಕ್ಕೆ.

ಇನ್ನು ಉಳಿದದ್ದು ಸುಲಭ. ಎಕ್ಸ್ ಅಕ್ಷವನ್ನು −2ರಲ್ಲಿ, ವೈ ಅಕ್ಷವನ್ನೂ −2ರಲ್ಲೇ ದಾಟುತ್ತದೆ. ಎರಡೂ ತುದಿ ದೂರ ಹೋದಂತೆ ವೈ = 1ಕ್ಕೆ ಹತ್ತಿರವಾಗುತ್ತವೆ.

ಒಂದು ಎಚ್ಚರ ಇರಲಿ. (ಎಕ್ಸ್ − 3)/(ಎಕ್ಸ್ − 3)² ಕೊಟ್ಟರೆ ಒಂದು ಹೋದರೂ ಕೆಳಗೆ ಇನ್ನೊಂದು ಉಳಿಯುತ್ತದೆ. ಅಲ್ಲಿ ಸೊನ್ನೆ ಸುತ್ತಬೇಡಿ, ಚುಕ್ಕಿ ಗೆರೆಯೇ ಬರಬೇಕು.